ಗಿರಣಿ ಕಾಕಾಗೆ ನಾನು ಹೂಂ ಅಂದದ್ದು

ಗಿರಣಿ ಕಾಕಾನ ಹುಬ್ಬು ಕರಿಯವೋ ಬಿಳಿಯವೋ ನಮ್ಮ ಓಣಿಯಲ್ಲಿ ಯಾರೂ ಖಾತ್ರಿಯಾಗಿ ಹೇಳುವಂತಿರಲಿಲ್ಲ. ಮುಂಜಾನೆ ಗಿರಣಿಯ ಬಾಗಿಲು ತೆಗೆದಾಗಿನಿಂದ ಸಂಜೆ ಮುಚ್ಚುವ ತನಕ ಅವುಗಳ ಮೇಲೆ ಜೋಳದ ಹಿಟ್ಟು ಕೂತಿರುತ್ತಿತ್ತು. ಮೀಸೆಯ ಮೇಲೆ ಹಿಟ್ಟು, ಕಿವಿಯ ಸುರುಳಿಯೊಳಗೆ ಹಿಟ್ಟು, ಅಂಗಿಯ ಕಿಸೆಯೊಳಗೆ ಹಿಟ್ಟು. ಸೀನಿದರೆ ಎದುರು ನಿಂತವರು ಹಿಂದೆ ಸರಿಯಬೇಕು. ಮೊಬೈಲನ್ನು ಮಾತ್ರ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಬಾಯಿಗೆ ರಬ್ಬರ್ ಬಿಗಿದು, ಚೀಲದ ಮೇಲಿನಿಂದಲೇ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದರು. ಆ ಹೆಬ್ಬೆರಳಿನಿಂದಲೇ ಅವರು ನನ್ನ ಜೊತೆ ವರ್ಷಗಟ್ಟಲೆ ಜಗಳಾಡಿದರು.

ಬನಹಟ್ಟಿಯ ನಮ್ಮ ಓಣಿಯಲ್ಲಿ ರಸ್ತೆಯ ಆ ಕಡೆ ಅವರ ಹಿಟ್ಟಿನ ಗಿರಣಿ, ಗಿರಣಿಯ ಹಿಂದೆ ಅವರ ಮನೆ. ಈ ಕಡೆ ನನ್ನ ಝೆರಾಕ್ಸ್ ಅಂಗಡಿ. ನಡುವೆ ಒಂದು ಗಟಾರ, ಒಂದು ಬೇವಿನ ಗಿಡ. ಇಷ್ಟು ಎದುರಾಬದುರಾ ಇರುವವರು ಮೊಬೈಲಿನಲ್ಲಿ ಯಾಕೆ ಜಗಳಾಡಬೇಕು ಅಂತ ಹೊರಗಿನವರು ಕೇಳುತ್ತಾರೆ. ಅವರಿಗೇನು ಗೊತ್ತು! ಅಕ್ಕಪಕ್ಕ ಮಗ್ಗಗಳ ಖಟಪಟ, ಅದರ ಮೇಲೆ ಗಿರಣಿಯ ಗರಗರ. ಕಿವಿಗೆ ಬಾಯಿ ಹಚ್ಚಿ ಒದರಿದರೂ ಕೇಳಿಸುವುದಿಲ್ಲ. ಅದೂ ಅಲ್ಲದೆ ಕಾಕಾಗೆ ಬರೆದು ಜಗಳಾಡುವುದೇ ರುಚಿ. "ಬಾಯಿಲೆ ಬೈದದ್ದು ಗಾಳಿಗಿ ಹೋಗತೈತಿ ಯವ್ವಾ. ಬರದ ಬೈದದ್ದು ಉಳೀತೈತಿ. ನಾಳೆ ನಾ ಹಂಗ ಅಂದಿದ್ದಿಲ್ಲ ಅನ್ನಾಕ ಬರಂಗಿಲ್ಲ" ಅನ್ನುತ್ತಿದ್ದರು.

ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಹೆಣ್ಣುಮಕ್ಕಳು ಇದ್ದೂ ಇಲ್ಲದ ಹಾಗೆ. ಮುಂಜಾನೆ ಹೂವಿನ ಚಿತ್ರ, ಹಬ್ಬಕ್ಕೆ ದೀಪದ ಚಿತ್ರ, ಯಾರಾದರೂ ತೀರಿಕೊಂಡರೆ ಕೈ ಮುಗಿದ ಚಿತ್ರ. ಅಷ್ಟು ಬಿಟ್ಟರೆ ನಮಗೆ ಅಲ್ಲಿ ಕೆಲಸವಿರಲಿಲ್ಲ. ನಾನು ಅಂಗಡಿ ಹಾಕಿದ ಹೊಸದರಲ್ಲಿ ಒಂದು ದಿನ, ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ಒಣ ಗರಿ, ರವದಿ ಸುಡುವುದರ ಬಗ್ಗೆ ನಾಲ್ಕು ಸಾಲು ಬರೆದೆ. ಆ ಹೊಗೆಯಿಂದ ಏನೇನಾಗುತ್ತದೆ, ಬಿಸಿಲು ಯಾಕೆ ಹೆಚ್ಚುತ್ತಿದೆ, ಮಳೆ ಯಾಕೆ ತಪ್ಪುತ್ತಿದೆ ಅಂತ. ಯಾರೋ ಹಿರಿಯರು ತಕ್ಷಣ ಬರೆದರು: "ಹೆಣ್ಣುಮಕ್ಕಳಿಗೆ ಯಾಕೆ ಬೇಕು ಈ ಉಸಾಬರಿ?" ಅದರ ಕೆಳಗೆ ನಗುವ ಚಿತ್ರಗಳು ಸಾಲಾಗಿ ಬಂದವು. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಮೈಯೆಲ್ಲ ಉರಿಯಿತು. ಗುಂಪು ಬಿಟ್ಟು ಹೊರಬೀಳಬೇಕೆಂದು ಬೆರಳು ಎತ್ತಿದ್ದೆ, ಅಷ್ಟರಲ್ಲಿ ಕಾಕಾನ ಸಂದೇಶ ಬಂತು.

"ಝೆರಾಕ್ಸ್ ಮ್ಯಾಡಂ ಅವರು ಬರೆದದ್ದು ಪೂರ್ತಿ ತಪ್ಪು. ಯಾಕೆ ತಪ್ಪು ಅಂತ ನಾನು ಹೇಳುತ್ತೇನೆ. ಆಮೇಲೆ ಅವರ ಪಾಳಿ. ನಡುವೆ ಯಾರೂ ಬಾಯಿ ಹಾಕಬಾರದು."

ಪಾಳಿ ಅನ್ನುವುದು ಗಿರಣಿಯ ಕಾಯ್ದೆ. ಡಬ್ಬಿ, ಚೀಲ, ಗಂಟು ಯಾವುದು ಮೊದಲು ಬಂತೋ ಅದನ್ನು ಮೊದಲು ಬೀಸಬೇಕು. ದೊಡ್ಡ ಹೊಲದವರ ಚೀಲ ಇರಲಿ, ಕೂಲಿಗೆ ಹೋಗುವವಳ ಸೆರಗಿನ ಗಂಟಿರಲಿ, ಕಾಕಾ ಒಂದನ್ನೂ ಮುಂದೆ ಹಿಂದೆ ಮಾಡುತ್ತಿರಲಿಲ್ಲ. ಅದೇ ಕಾಯ್ದೆಯನ್ನು ಗುಂಪಿನೊಳಗೂ ತಂದರು. ಅವತ್ತು ನನ್ನ ನಾಲ್ಕು ಸಾಲಿಗೆ ಅವರು ಒಂದು ಪುಟದಷ್ಟು ಬೈದು, ಕೊನೆಗೆ "ನಿಮ್ಮ ಪಾಳಿ" ಅಂತ ಬರೆದರು. ನಾನು ಎರಡು ಪುಟ ಬರೆದೆ. ಅಲ್ಲಿಂದಾಚೆ ನನಗೆ ಉಸಾಬರಿ ಯಾಕೆ ಅಂತ ಕೇಳುವ ಧೈರ್ಯ ಆ ಗುಂಪಿನಲ್ಲಿ ಯಾರಿಗೂ ಬರಲಿಲ್ಲ. ನನ್ನ ಮಾತನ್ನು ಒಪ್ಪಿದವರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ನನ್ನ ಮಾತಿಗೆ ಎದುರು ನಿಂತು ವಾದ ಮಾಡುವಷ್ಟು ಬೆಲೆ ಕೊಟ್ಟವರು ಅವರೊಬ್ಬರೇ.

ಗುಂಪಿನಲ್ಲಿ ನಾನು "ಮ್ಯಾಡಂ ಅವರು". ರಸ್ತೆ ದಾಟಿ ಡಬ್ಬಿ ಹಿಡಿದುಕೊಂಡು ಹೋದರೆ "ಬಾ ಬೇ, ಸೋತಾಕಿ" ಅಂತ ಸ್ವಾಗತ.

ಹಾಗಂತ ಕಾಕಾ ದೊಡ್ಡ ಮನಸ್ಸಿನವರು ಅಂದುಕೊಳ್ಳಬೇಡಿ. ವಾದದಲ್ಲಿ ನಾನು ಗೆದ್ದ ದಿನ ನಮ್ಮ ಹಿಟ್ಟು ದಪ್ಪ ಬರುತ್ತಿತ್ತು. ಕಲ್ಲು ಸ್ವಲ್ಪ ಸಡಿಲು ಬಿಟ್ಟು, ಮುಖ ಆ ಕಡೆ ಮಾಡಿ, ಏನೂ ಗೊತ್ತಿಲ್ಲದವರ ಹಾಗೆ ಬೀಸಿ ಕೊಡುತ್ತಿದ್ದರು. ಆ ಹಿಟ್ಟಿಗೆ ಜಿಗಿ ಇರುತ್ತಿರಲಿಲ್ಲ. ರೊಟ್ಟಿ ಬಡಿದರೆ ಅಂಚು ಸೀಳುತ್ತಿತ್ತು. ನಮ್ಮ ಅತ್ತೆಗೆ ಮೊಬೈಲ್ ನೋಡಲು ಬರುವುದಿಲ್ಲ, ಆದರೆ ಯಾರು ಗೆದ್ದರು ಅನ್ನುವುದು ಕೊಣಮಿಗೆಯಲ್ಲಿ ಹಿಟ್ಟು ನಾದುವಾಗಲೇ ತಿಳಿಯುತ್ತಿತ್ತು. "ಇವತ್ತ ಮತ್ತ ಗೆದ್ದಿ ಏನವಾ? ನಿನ್ನ ಗೆಲುವಿನ್ಯಾಗ ನಮ್ಮ ಹಲ್ಲು ಹೋಗಾಕತ್ತಾವ" ಅನ್ನುತ್ತಿದ್ದರು. ನಾನು ಸೋತ ದಿನ ಹಿಟ್ಟು ಎಷ್ಟು ನುಣ್ಣಗೆ ಬರುತ್ತಿತ್ತೆಂದರೆ ರೊಟ್ಟಿ ಉಬ್ಬಿ ಹಂಚು ಬಿಟ್ಟು ಏಳುತ್ತಿತ್ತು.

ಅವರ ಎಲ್ಲ ವಾದಗಳೂ ಜೋಳದಿಂದ ಶುರುವಾಗಿ ಹಿಟ್ಟಿನಲ್ಲಿ ಮುಗಿಯುತ್ತಿದ್ದವು. ಟಿವಿಯಲ್ಲಿ ಯಾವುದೋ ಊರಿನಲ್ಲಿ ಹುಡುಗಿಯನ್ನು ಕೊಂದ ಘೋರ ಸುದ್ದಿ ಬಂದ ದಿನ ನಾನು "ಅಂಥವರನ್ನು ನಡು ಚೌಕಿನಲ್ಲಿ ಗಲ್ಲಿಗೆ ಹಾಕಬೇಕು" ಅಂತ ಬರೆಯುತ್ತಿದ್ದೆ. ಕಾಕಾ ಕೂಡಲೇ ಬರೆಯುತ್ತಿದ್ದರು: "ಬೀಸಿದ ಹಿಟ್ಟನ್ನು ತಿರುಗಿ ಕಾಳು ಮಾಡಲು ಬರುತ್ತದೆಯೇ ಮ್ಯಾಡಂ? ನಾಳೆ ಅವನಲ್ಲ ಅಂತ ಗೊತ್ತಾದರೆ ಏನು ಮಾಡುತ್ತೀರಿ? ಜೈಲಿನಲ್ಲಿ ಇಡಿ, ಸಾಯುವತನಕ ಇಡಿ, ಗಲ್ಲು ಬೇಡ. ನಿಮ್ಮ ಪಾಳಿ." ಒಮ್ಮೆ ನಾನು, "ಸತ್ತ ಹುಡುಗಿಯನ್ನೂ ಯಾರೂ ತಿರುಗಿ ಕಾಳು ಮಾಡಿಲ್ಲ ಕಾಕಾ" ಅಂತ ಬರೆದೆ. ಅವತ್ತು ಸಂಜೆಯವರೆಗೆ ಉತ್ತರ ಬರಲಿಲ್ಲ. ಆ ವಾರದ ಹಿಟ್ಟಂತೂ ರವೆ ಇದ್ದ ಹಾಗೆ ಇತ್ತು.

ಯಂತ್ರಗಳ ವಿಷಯ ಬಂದರೆ ಮುಗಿಯಿತು. ಮಂದಿ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ಮೊಬೈಲಿಗೆ ಬುದ್ಧಿ ಬಂದು ತಾನೇ ಪತ್ರ ಬರೆಯುವುದಂತೂ ಇನ್ನೂ ಸೇರುತ್ತಿರಲಿಲ್ಲ. "ಯಂತ್ರ ಮನುಷ್ಯನ ಕೈ ಕಸಿಯಿತು, ಈಗ ತಲೆ ಕಸಿಯುತ್ತಿದೆ" ಅಂತ ಆ ಯಂತ್ರದಲ್ಲೇ ಬರೆಯುತ್ತಿದ್ದರು. ನಾನು ಬಿಡುತ್ತೇನೆಯೇ? "ನಿಮ್ಮ ಗಿರಣಿ ಬಂದಾಗ ನಮ್ಮಜ್ಜಿಯ ಬೀಸುಕಲ್ಲು ಹಿತ್ತಲಿಗೆ ಹೋಯಿತು. ಅವತ್ತು ನೀವು ಎಷ್ಟು ದಿನ ಅತ್ತಿರಿ?" ಅಂತ ಕೇಳಿದೆ. ಅದನ್ನು ಓದಿ ಗಿರಣಿ ಬಂದ್ ಮಾಡಿ ಹೊರಗೆ ಬಂದು, ಬೇವಿನ ಗಿಡದ ಕೆಳಗೆ ನಿಂತು ನನ್ನ ಕಡೆ ಬೆರಳು ಮಾಡಿ, "ಏ, ನೀ ಭಾಳ ಆತು ನೋಡ!" ಅಂತ ಒದರಿದರು. ಒದರಿ ಅವರೇ ನಕ್ಕರು.

ಬಿಸಿಲು ಹೆಚ್ಚಾಗಿದೆ ಅನ್ನುವುದನ್ನು ಮಾತ್ರ ಅವರು ಯಾವತ್ತೂ ಒಪ್ಪಲಿಲ್ಲ. ತಗಡಿನ ಕೆಳಗೆ ಬೆವರು ಹಿಟ್ಟಿನಲ್ಲಿ ಕಲಸಿ ಕಣಕ ಆಗುತ್ತಿದ್ದರೂ ಒಪ್ಪಲಿಲ್ಲ. ಹೊಳೆ ಬಂದು ಮುಧೋಳದ ಕಡೆಯ ಅವರ ಬೀಗರ ಮನೆಯೊಳಗೆ ನೀರು ಹೊಕ್ಕರೂ, "ಹೊಳಿ ಅಂದ ಮ್ಯಾಲ ಬರೋದ. ನಮ್ಮಜ್ಜನ ಕಾಲಕ್ಕೂ ಬಂದಿತ್ತು" ಅಂದರು. ಈ ವಿಷಯದಲ್ಲಿ ಅವರದು ಶುದ್ಧ ತಪ್ಪು. ಈಗಲೂ ಹೇಳುತ್ತೇನೆ, ತಪ್ಪು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಕಾಗೆ ಊಟ ಸೇರದಾಯಿತು. ಮಗ ಮಿರಜಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ತಿರುಗಿ ಬಂದ ಮರುದಿನ ಆತ ನನ್ನ ಅಂಗಡಿಗೆ ಬಂದು, ಗಿರಾಕಿಗಳು ಹೋಗುವ ತನಕ ಮೂಲೆಯಲ್ಲಿ ನಿಂತ.

"ಅಕ್ಕಾರ, ಅಪ್ಪಗ ಹೊಟ್ಟ್ಯಾಗ ಹುಣ್ಣು ಆಗೇತಿ ಅಂತ ಹೇಳೇವ್ರಿ. ಖರೆ ಏನೈತಿ ಅಂದ್ರ..." ಅಂದ. ಮುಂದಿನದನ್ನು ಹೇಳಲು ಆತನಿಗೆ ಆಗಲಿಲ್ಲ. ನನಗೆ ತಿಳಿಯಿತು. "ಡಾಕ್ಟರ್ ಮನಿಗಿ ಕರಕೊಂಡ ಹೋಗ್ರಿ ಅಂದ್ರು. ಇದ್ದಷ್ಟ ದಿನ ನೆಮ್ಮದಿಲೇ ಇರ್ಲಿ ಅಂತ ನಾವು ಏನೂ ಹೇಳಿಲ್ಲ. ನಿಮ್ಮ ಜೋಡಿ ವಾದಾ ಮಾಡಿದ್ರ ಅವರ ಬಿಪಿ ಏರತೈತ್ರಿ. ಏನರ ಬರದ್ರ ಹೂಂ ಅಂದ ಬಿಡ್ರಿ ಅಕ್ಕಾರ. ಎದುರ ಮಾತಾಡಬ್ಯಾಡ್ರಿ."

ಆತ ಕೇಳಿದ್ದರಲ್ಲಿ ತಪ್ಪೇನಿತ್ತು? ಯಾವ ಮಗನಾದರೂ ಕೇಳುವುದನ್ನೇ ಕೇಳಿದ. ನಾನು ಹೂಂ ಅಂದೆ. ಆ ಹೂಂ ಅಲ್ಲಿಂದ ಶುರುವಾಯಿತು.

ಕಾಕಾ ಯಂತ್ರಗಳನ್ನು ಬೈದು ಬರೆದರು. ನಾನು "ನೀವು ಹೇಳುವುದು ವಿಚಾರ ಮಾಡುವಂಥದ್ದು" ಅಂತ ಬರೆದೆ. ಹೊಳೆಯ ಬಗ್ಗೆ ಬರೆದರು. "ಹಿರಿಯರ ಅನುಭವ ದೊಡ್ಡದು" ಅಂತ ಬರೆದೆ. ಬರೆಯುವಾಗ ನನಗೇ ನಾಚಿಕೆ. ಅವರು ಎರಡು ದಿನ ಏನೂ ಬರೆಯಲಿಲ್ಲ. ನನ್ನ ಮನಸ್ಸಿಗೆ ಸಮಾಧಾನ, ಕಾಕಾ ಖುಷಿಯಾಗಿದ್ದಾರೆ, ಕೊನೆಗಾಲದಲ್ಲಿ ಗೆಲ್ಲುತ್ತಿದ್ದಾರೆ ಅಂತ. ಹುಚ್ಚಿ ನಾನು! ಅಷ್ಟು ವರ್ಷ ಜಗಳಾಡಿದವಳಿಗೆ ಅವರು ಯಾಕೆ ಸುಮ್ಮನಾದರು ಅನ್ನುವುದು ಹೊಳೆಯಬೇಡವೇ?

ಮೂರನೆಯ ದಿನ ಮುಂಜಾನೆ ಗುಂಪಿನಲ್ಲಿ ಬರೆದರು: "ಗಲ್ಲು ಶಿಕ್ಷೆ ಯಾರಿಗೂ ಕೊಡಬಾರದು. ಎಂಥ ಪಾಪಿಗೂ ಕೊಡಬಾರದು. ನಿಮ್ಮ ಪಾಳಿ." ನಾನು ಕಣ್ಣು ಮುಚ್ಚಿ, "ನನಗೂ ಈಗ ಹಾಗೆಯೇ ಅನ್ನಿಸುತ್ತದೆ" ಅಂತ ಬರೆದು ಕಳಿಸಿದೆ.

ಮಧ್ಯಾಹ್ನ ಮಜ್ಜಿಗೆ ತೆಗೆದುಕೊಂಡು ರಸ್ತೆ ದಾಟಿದೆ. ಕಾಕಾ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೆಲಸ ಬಿಟ್ಟು ವಾರಗಳಾಗಿದ್ದವು, ಮುಖ ತೊಳೆದು ಸ್ವಚ್ಛವಾಗಿತ್ತು. ಅವತ್ತು ಮೊದಲ ಸಲ ನೋಡಿದೆ, ಅವರ ಹುಬ್ಬು ಕಪ್ಪಗಿದ್ದವು. ಅಷ್ಟು ವಯಸ್ಸಾದರೂ ಒಂದು ಕೂದಲೂ ಬೆಳ್ಳಗಾಗಿರಲಿಲ್ಲ.

"ಕುಂದರ ಯವ್ವಾ" ಅಂದರು. "ನಾ ಮುಂಜಾನಿಂದ ವಿಚಾರ ಮಾಡಿದೆ. ನೀ ಮೊದಲ ಹೇಳತಿದ್ದಿಯಲ್ಲ, ಅದ ಖರೆ ಐತಿ. ಅಂಥಾ ಮಕ್ಕಳನ್ನ ನಡು ಚೌಕಿನ್ಯಾಗ ಗಲ್ಲಿಗಿ ಹಾಕಬೇಕು."

"ಹೌದ್ರಿ ಕಾಕಾ, ಹಾಕಬೇಕ್ರಿ" ಅಂದೆ.

ಬಾಯಿಂದ ಮಾತು ಹೊರಬಿದ್ದ ಮೇಲೆ ನನಗೆ ಗೊತ್ತಾಯಿತು. ಕಾಕಾ ನನ್ನನ್ನೇ ನೋಡುತ್ತಿದ್ದರು.

"ಮುಂಜಾನೆ ಬ್ಯಾಡ ಅಂದೆ, ಹೂಂ ಅಂದಿ. ಈಗ ಬೇಕು ಅಂದೆ, ಹೌದ್ರಿ ಅಂದಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇದು ಹುಣ್ಣಲ್ಲ, ಹೌದಲ್ಲ ಬೇ? ಎಷ್ಟ ದಿನಾ ಅಂದಾರ ಡಾಕ್ಟರ್?"

ನನಗೆ ಸುಳ್ಳು ಹೇಳಲು ಬರಲಿಲ್ಲ, ಖರೆ ಹೇಳಲೂ ಬರಲಿಲ್ಲ. ಮಜ್ಜಿಗೆಯ ಚರಿಗೆ ಹಿಡಿದುಕೊಂಡು ಅತ್ತುಬಿಟ್ಟೆ. ಅದೇ ಅವರಿಗೆ ಉತ್ತರವಾಯಿತು. ಡಾಕ್ಟರು ಮುಚ್ಚಿಟ್ಟದ್ದನ್ನು, ಹೆಂಡತಿ ಮಗ ಎದೆಯೊಳಗೆ ಇಟ್ಟುಕೊಂಡದ್ದನ್ನು ನಾನು ಎರಡು ಹೂಂನಲ್ಲಿ ಹೇಳಿಬಿಟ್ಟಿದ್ದೆ.

"ಅಳಬ್ಯಾಡ" ಅಂದರು ಕಾಕಾ. "ಮನ್ಯಾಗ ಆಕಿ ಹೂಂ ಅಂತಾಳ, ಮಗಾ ಹೂಂ ಅಂತಾನ. ಉಪ್ಪಿಲ್ಲದ ಅಂಬಲಿ ಚೆಂದಾಗೇತಿ ಅಂದ್ರೂ ಹೂಂ. ಮನಷ್ಯಾ ಇದ್ದಾಗನ ಹೆಣಾ ಮಾಡಿ ಕುಂದರ್ಸಿದಂಗ ಆಗೇತಿ ನನಗ. ನೀನರ ಅಲ್ಲ ಅನ್ನ ಬೇ. ನಿನಗ ಪುಣ್ಯಾ ಬರತೈತಿ."

"ಅಲ್ಲ ಅಂತೇನ್ರಿ ಕಾಕಾ" ಅಂತ ಮಾತು ಕೊಟ್ಟು ಎದ್ದು ಬಂದೆ.

ಸಂಜೆ ಮಗ ಬಂದ. ಮುಖ ಕೆಂಪಾಗಿತ್ತು. "ಅಪ್ಪಗ ಗೊತ್ತಾಗೇತ್ರಿ. ನಿಮಗ ಅಷ್ಟ ಹೇಳಿದ್ದೆ. ನಾವು ಇಷ್ಟ ದಿನಾ ಕಾಯ್ಕೊಂಡ ಬಂದದ್ದು..." ಅಂದು, ಕೈ ಮುಗಿದ. "ಇನ್ನ ಏನೂ ಬರೀಬ್ಯಾಡ್ರಿ ಅಕ್ಕಾರ." ಆತ ಬೈದಿದ್ದರೆ ನಾನೂ ಬೈಯುತ್ತಿದ್ದೆ. ಕೈ ಮುಗಿದವನಿಗೆ ಏನು ಹೇಳುವುದು?

ಮರುದಿನ ಮುಂಜಾನೆ ಕಾಕಾನ ಸಂದೇಶ ಬಂದಿತ್ತು. ಇಷ್ಟು ದಿನ ಇಲ್ಲದ ಹುರುಪು ಅದರಲ್ಲಿತ್ತು. "ಝೆರಾಕ್ಸ್ ಮ್ಯಾಡಂ ಅವರಿಗೆ. ಹವಾಮಾನ ಬದಲಾಗಿಲ್ಲ. ಬಿಸಿಲು ಹಿಂದೆಯೂ ಇಷ್ಟೇ ಇತ್ತು. ಮನೆ ಮನೆಗೆ ಫ್ಯಾನು ಬಂದು ಮಂದಿಯ ಚರ್ಮ ನಾಜೂಕಾಗಿದೆ, ಅದಕ್ಕೆ ಸೆಖೆ ಹೆಚ್ಚು ಅನ್ನಿಸುತ್ತದೆ. ಇದು ನನ್ನ ಸಿದ್ಧಾಂತ. ನಿಮ್ಮ ಪಾಳಿ."

ಓದಿ ನನಗೆ ಅಳುವಿನಲ್ಲೂ ನಗೆ ಬಂತು. ಉತ್ತರ ಬಾಯಿಗೇ ಬಂದಿತ್ತು. "ಈ ಸಲ ಯುಗಾದಿಗೆ ನಿಮ್ಮ ಗಿರಣಿ ಮುಂದಿನ ಬೇವಿನ ಗಿಡದಲ್ಲಿ ಹೂ ಸಿಗಲಿಲ್ಲ, ಮೊದಲೇ ಬಿಟ್ಟು ಉದುರಿ ಹೋಗಿತ್ತು. ಗಿಡಕ್ಕೂ ಫ್ಯಾನು ಹಚ್ಚಿದ್ದಿರೇನು ಕಾಕಾ?" ಅಂತ ಬರೆದೆ. ಬರೆದು, ಮಗನ ಮುಗಿದ ಕೈ ಕಣ್ಣ ಮುಂದೆ ಬಂದು ಅಳಿಸಿದೆ. ಸ್ವಲ್ಪ ಮೆತ್ತಗೆ ಮಾಡಿ ಬರೆದೆ, ಅದು ಬೇಡವೆನಿಸಿತು. ಇನ್ನೂ ಮೆತ್ತಗೆ ಮಾಡಿದೆ, ಅದರಲ್ಲಿ ಏನೂ ಉಳಿಯಲಿಲ್ಲ. ಕೊನೆಗೆ ಏನೂ ತೋಚದೆ ಕೈ ಮುಗಿದ ಚಿತ್ರ ಒಂದನ್ನು ಕಳಿಸಿದೆ.

ತಕ್ಷಣ ಉತ್ತರ ಬಂತು. "ಇದನ್ನು ಸತ್ತವರಿಗೆ ಹಾಕುತ್ತಾರೆ. ನಾನಿನ್ನೂ ಇದ್ದೇನೆ. ನಿಮ್ಮ ಪಾಳಿ."

ಅವತ್ತು ಯಾವುದೋ ಆನ್ಲೈನ್ ಅರ್ಜಿಗೆ ಕಡೆಯ ದಿನ. ಅಂಗಡಿ ತುಂಬ ಮಂದಿ, ಸರ್ವರ್ ಒಮ್ಮೆ ಇದೆ ಒಮ್ಮೆ ಇಲ್ಲ. ಇದನ್ನು ನೆವವಾಗಿ ಹೇಳುತ್ತಿಲ್ಲ. ನಡುವೆ ಹತ್ತು ಸಲ ಮೊಬೈಲ್ ಕೈಗೆ ತೆಗೆದುಕೊಂಡೆ, ಹತ್ತು ಸಲವೂ ತಿರುಗಿ ಇಟ್ಟೆ. ಬರೆದರೆ ಮಗನಿಗೆ ಮೋಸ, ಬರೆಯದಿದ್ದರೆ ಕಾಕಾಗೆ ಮೋಸ. ನಾಳೆ ಎದುರಿಗೆ ಹೋಗಿಯೇ ಹೇಳಿದರಾಯಿತು ಅಂದುಕೊಂಡು ಅಂಗಡಿ ಮುಚ್ಚಿದೆ. ಮರುದಿನ ಮುಂಜಾನೆ ಗಿರಣಿಯ ಮುಂದೆ ಮಂದಿ ಸೇರಿದ್ದರು.

ಗುಂಪಿನಲ್ಲಿ ಸುದ್ದಿ ಬಂತು. ಅದರ ಕೆಳಗೆ ಮುಗಿದ ಕೈಗಳು ಸಾಲಾಗಿ ಬಂದವು, ಡಬ್ಬಿಗಳು ಪಾಳಿ ಹಚ್ಚಿದ ಹಾಗೆ. ನಾನು ಹಾಕಲಿಲ್ಲ. ನನ್ನದನ್ನು ನಾನು ಹಿಂದಿನ ದಿನವೇ ಹಾಕಿ ಮುಗಿಸಿದ್ದೆ.

ಈಗ ಮಗ ಗಿರಣಿ ನಡೆಸುತ್ತಾನೆ. ಪಾಳಿ ತಪ್ಪಿಸುವುದಿಲ್ಲ, ಒಳ್ಳೆಯ ಹುಡುಗ. ನನ್ನ ಮೇಲಿನ ಸಿಟ್ಟೂ ಇಳಿದಿದೆ. ಹಿಟ್ಟು ದಿನಾ ಒಂದೇ ನಮೂನೆ ಬರುತ್ತದೆ, ದಪ್ಪವೂ ಇಲ್ಲ, ನುಣುಪೂ ಇಲ್ಲ. ಅತ್ತೆ ರೊಟ್ಟಿ ಬಡಿಯುತ್ತ ಏನೂ ಕೇಳುವುದಿಲ್ಲ.

ಮೊನ್ನೆ ಒಂದು ಮಧ್ಯಾಹ್ನ ಕಾಕಾನ ಹೆಂಡತಿ, ನಮ್ಮ ಕಾಕು, ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಕಾಕಾ ಹೋದ ಮೇಲೆ ಅವರು ನನ್ನ ಜೊತೆ ಮಾತಾಡಿರಲಿಲ್ಲ. ಸೆರಗಿನೊಳಗಿಂದ ಆ ಮೊಬೈಲ್ ತೆಗೆದರು, ಅದೇ ಪ್ಲಾಸ್ಟಿಕ್ ಚೀಲ, ಅದೇ ರಬ್ಬರ್. ಚೀಲದ ಮಡಿಕೆಯಲ್ಲಿ ಇನ್ನೂ ಹಿಟ್ಟಿತ್ತು.

"ನನಗ ಅಕ್ಷರಾ ಬರಂಗಿಲ್ಲ" ಅಂದರು. "ದಿನಾ ಇದರಾಗ ಏನೋ ಬರೀತಿದ್ರು, ಬರದು ತಾವ ನಗತಿದ್ರು. ಏನ ಬರೀತಿದ್ರು ಅಂತ ಓದಿ ಹೇಳ ಯವ್ವಾ. ಮಗನ ಮುಂದ ಕೇಳಾಕ ಮನಸ ಬರವಲ್ದು."

ಸ್ಟೂಲು ಕೊಟ್ಟು ಕೂಡಿಸಿ ಓದಿದೆ. ಕಾಕಾನದನ್ನು ಅವರ ದನಿಯಲ್ಲಿ, ನನ್ನದನ್ನು ನನ್ನ ದನಿಯಲ್ಲಿ. ಬೀಸುಕಲ್ಲಿನ ಮಾತು ಬಂದಾಗ ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. "ಛಲೋ ಹೇಳೀದಿ ನೋಡ" ಅಂದರು. ನಾನು ಹೂಂ ಹೂಂ ಅಂದ ದಿನಗಳನ್ನೂ ಬಿಡದೆ ಓದಿದೆ. ಫ್ಯಾನಿನ ಸಿದ್ಧಾಂತ ಓದಿದೆ, ಮುಗಿದ ಕೈ ಇದೆ ಅಂತ ಹೇಳಿದೆ, ಕಾಕಾ ಅದಕ್ಕೆ ಬರೆದದ್ದನ್ನೂ ಓದಿದೆ. "ನಾನಿನ್ನೂ ಇದ್ದೇನೆ. ನಿಮ್ಮ ಪಾಳಿ."

"ಮುಂದ ಓದು" ಅಂದರು ಕಾಕು.

"ಮುಂದಿಲ್ಲರಿ ಕಾಕು. ಇಷ್ಟ ಐತಿ."

"ನಿನ್ನ ಪಾಳಿ ಅಂದಾರಲ್ಲ, ನೀ ಏನೂ ಬರೀಲಿಲ್ಲ?"

"ಇಲ್ಲರಿ."

ಕಾಕು ಮೊಬೈಲನ್ನು ಚೀಲದೊಳಗೆ ಹಾಕಿ, ಬಾಯಿಗೆ ರಬ್ಬರ್ ಬಿಗಿಯುತ್ತ ಹೇಳಿದರು.

"ಅವತ್ತ ಮುಂಜಾನಿಂದ ಸಂಜಿತನಕಾ ಇದನ್ನ ಎದಿಮ್ಯಾಲ ಇಟಗೊಂಡ ಮಲಗಿದ್ರು. ಎರಡ ತುತ್ತ ಉಣ್ರಿ ಅಂದ್ರೂ ತಡಿ ಅಂತಿದ್ರು. ಯಾರದರ ಫೋನ್ ಬರೋದೈತೇನ್ರಿ ಅಂತ ಕೇಳಿದೆ. ಇಲ್ಲ, ಎದುರಿನ ಅಂಗಡ್ಯಾಕಿ ನನಗ ಬೈಯೋದೈತಿ, ಅಷ್ಟ ಆದ ಮ್ಯಾಲ ಉಣತೇನಿ ಅಂದ್ರು."